ಕೆಂಪು ಕೊರಳಿನ ಹಕ್ಕಿ

ಏಪ್ರಿಲ್ ಹತ್ತು, ಎರಡನೇ ಶನಿವಾರ. ಹಿಂದಿನ ರಾತ್ರಿ ಗುಡುಗಿ ಒಂದು ಜೋರು ಮಳೆ ಬಿದ್ದು ನಿಂತಿತ್ತು. ಬೆಳಿಗ್ಗೆ ಆಕಾಶ ತಿಳಿಯಾಗಿತ್ತು, ಗಾಳಿ ತಣ್ಣಗಿತ್ತು.

ದಾವಣಗೆರೆಯ ಕಡೆ ಹೊನ್ನೇಕಟ್ಟೆ ಎಂಬ ಊರು. ಆ ಊರಿನ ಕೆರೆ ಏರಿಯ ಮೇಲೆ ಏಳೆಂಟು ಜನ ಸಾಲಾಗಿ ನಿಂತಿದ್ದರು. ಎಲ್ಲರ ಕೊರಳಲ್ಲೂ ದುರ್ಬೀನು. ಯಾರೂ ಮಾತಾಡುತ್ತಿರಲಿಲ್ಲ. ನೋಡಬೇಕಾದ ಹಕ್ಕಿ ಎದುರಿಗೇ ಓಡಾಡುತ್ತಿತ್ತು. ಕರಿಬಸಯ್ಯ ಮೇಷ್ಟ್ರು ಯಾವಾಗ ಬಾಯಿ ಬಿಡುತ್ತಾರೋ ಎಂದು ಎಲ್ಲರೂ ಕಾಯುತ್ತಿದ್ದರು.

ಕರಿಬಸಯ್ಯ ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಹಕ್ಕಿ ನೋಡುವವರ ಬಳಗ ಕಟ್ಟಿದವರೂ ಅವರೇ. ಬಳಗದಲ್ಲಿ ಒಂದು ರೂಢಿ ಇತ್ತು. ಯಾವ ಹಕ್ಕಿ ಕಂಡರೂ ಮೊದಲು ಮೇಷ್ಟ್ರು ಹೆಸರು ಹೇಳುವುದು, ಆಮೇಲೆ ಉಳಿದವರು ದುರ್ಬೀನು ಎತ್ತಿ ಹೌದು ಹೌದು ಅನ್ನುವುದು. ಹೀಗೇ ಮಾಡಬೇಕೆಂದು ಯಾರೂ ಕಟ್ಟಳೆ ಹಾಕಿರಲಿಲ್ಲ. ಮೊದಮೊದಲು ಹಕ್ಕಿಗಳ ಹೆಸರು ಗೊತ್ತಿದ್ದದ್ದು ಅವರೊಬ್ಬರಿಗೇ. ಆಮೇಲೆ ಉಳಿದವರೂ ಕಲಿತರು, ರೂಢಿ ಮಾತ್ರ ಹಾಗೇ ಉಳಿಯಿತು. ಮೇಷ್ಟ್ರಿಗೂ ಅದು ಹಿತವಾಗಿತ್ತು. ಯಾರಿಗೆ ತಾನೆ ಹಿತವಾಗುವುದಿಲ್ಲ?

ಆ ದಿನದ ಹಕ್ಕಿ ಗುಬ್ಬಚ್ಚಿಯಷ್ಟು ದೊಡ್ಡದು. ನೀರಿನಂಚಿನ ಕೆಸರಿನಲ್ಲಿ ಪುಟುಪುಟು ಓಡುತ್ತ, ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ ಎಡೆಬಿಡದೆ ಕುಕ್ಕುತ್ತಿತ್ತು. ಇಂಥ ಹಕ್ಕಿಗೆ ಬಳಗದವರು ಸ್ಟಿಂಟ್ ಅನ್ನುತ್ತಾರೆ. ಉತ್ತರದ ಹಿಮದ ನಾಡಿನಿಂದ ಇವು ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುತ್ತವೆ. ಬಿಸಿಲು ಏರುತ್ತಿದ್ದಂತೆ ಗರಿ ಬದಲಿಸಿಕೊಂಡು ವಾಪಸು ಹೊರಡುತ್ತವೆ. ಇವುಗಳಲ್ಲಿ ನೋಡುವವರನ್ನು ಕಾಡುವ ಎರಡು ಜಾತಿಗಳಿವೆ. ಒಂದು ಲಿಟಲ್ ಸ್ಟಿಂಟ್, ಪ್ರತಿ ವರ್ಷ ಬರುವಂಥದ್ದು. ಇನ್ನೊಂದು ಕೆಂಪು ಕೊರಳಿನದು, ನಮ್ಮ ಒಳನಾಡಿನ ಕೆರೆಗಳಲ್ಲಿ ಸಿಗುವುದು ಬಹಳ ಅಪರೂಪ. ಚಳಿಗಾಲದಲ್ಲಿ ಎರಡೂ ಬೂದು ಬಣ್ಣ, ಅವಳಿಗಳ ಹಾಗೆ. ಹೊರಡುವ ಕಾಲಕ್ಕೆ ಎರಡಕ್ಕೂ ಮೈ ಕೆಂಪೇರುತ್ತದೆ. ಆಗ ಕೊರಳು ನೋಡಬೇಕು. ಲಿಟಲ್ ಸ್ಟಿಂಟಿನ ಕೊರಳು ಬೆಳ್ಳಗೇ ಉಳಿಯುತ್ತದೆ, ಬೆನ್ನ ಮೇಲೆ ಎರಡು ಬಿಳಿ ಗೆರೆ ಎದ್ದು ಕಾಣುತ್ತವೆ, ಇನ್ನೊಂದರ ಕೊರಳು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಎದುರಿಗಿದ್ದ ಹಕ್ಕಿಯ ಕೊರಳು ಕೆಂಪಗಿತ್ತು.

ಇಷ್ಟು ವರ್ಷ ಕೆರೆ ಸುತ್ತಿದರೂ ಮೇಷ್ಟ್ರಿಗೆ ಆ ಹಕ್ಕಿ ಸಿಕ್ಕಿರಲಿಲ್ಲ. ಅವರು ದುರ್ಬೀನು ಇಳಿಸಿ, ದೊಡ್ಡ ಸುದ್ದಿ ಹೇಳುವವರು ತಗ್ಗಿದ ದನಿಯಲ್ಲಿ ಹೇಳುವಂತೆ ಹೇಳಿದರು.

“ಕೆಂಪು ಕೊರಳಿನ ಸ್ಟಿಂಟ್.”

ಸಾಲಿನಲ್ಲಿ ಸಂಚಲನವಾಯಿತು. ಎಲ್ಲ ದುರ್ಬೀನುಗಳೂ ಮೇಲೆದ್ದವು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಬಕ್ಕೇಶ ಎಲ್ಲರಿಗಿಂತ ಮೊದಲು ಕೂಗಿದ.

“ಅಬ್ಬಬ್ಬಾ! ಕೊರಳು ನೋಡ್ರಿ, ಕುಂಕುಮ ಮೆತ್ತಿದಂಗೈತಿ! ಮೇಷ್ಟ್ರ ಕಣ್ಣು ಅಂದ್ರೆ ಕಣ್ಣು!”

“ಹೌದು, ಹೌದು,” ಎಂದರು ಉಳಿದವರು.

ಸಾಲಿನ ತುದಿಯಲ್ಲಿದ್ದ ಸರ್ವಮಂಗಳ ಮಾತ್ರ ದುರ್ಬೀನು ಇಳಿಸಲಿಲ್ಲ. ಅವಳು ಬ್ಯಾಂಕಿನಲ್ಲಿ ಕ್ಯಾಷಿಯರ್. ಬಳಗ ಸೇರಿ ಎರಡು ವರ್ಷವಾಗಿತ್ತು.

“ಮೇಷ್ಟ್ರೇ, ಕೊರಳಿನ ಕೆಂಪು ಒಂದೇ ಸಮ ಇಲ್ರಿ,” ಎಂದಳು. “ಎಡಗಡೆ ದಟ್ಟ ಐತಿ, ಬಲಗಡೆ ತೆಳು. ಬೆನ್ನ ಮೇಲೆ ಎರಡು ಬಿಳಿ ಗೆರೆ ಬೇರೆ ಎದ್ದು ಕಾಣ್ತಾವೆ. ನಂಗೆ ಮಾಮೂಲಿ ಲಿಟಲ್ ಸ್ಟಿಂಟೇ ಅನ್ನಿಸ್ತೈತಿ.”

ಯಾರೋ ಕಿಸಕ್ಕನೆ ನಕ್ಕರು.

“ಮಂಗಳಕ್ಕಾ, ಖೋಟಾ ನೋಟು ಹುಡುಕಿ ಹುಡುಕಿ ಅಭ್ಯಾಸ ಆಗೇತಿ ನಿಮಗೆ,” ಎಂದ ಬಕ್ಕೇಶ. “ಹಕ್ಕೀನೂ ಬೆಳಕಿಗೆ ಹಿಡಿದು ನೋಡ್ತೀರಿ!”

ಈಗ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರಿಗೆ ಒಳಗೊಳಗೇ ಚುಚ್ಚಿತ್ತು. ತಾವು ಹೇಳಿದ ಮೇಲೂ ಒಬ್ಬರು ನೋಡುತ್ತಲೇ ಇರುವುದು ಅವರಿಗೆ ಹೊಸದು.

“ಇನ್ನೂ ಎರಡು ವರ್ಷದ ಕಣ್ಣಮ್ಮ ನಿನ್ನದು,” ಎಂದರು. “ಪಳಗಬೇಕು.”

ಅಷ್ಟಕ್ಕೇ ನಿಲ್ಲಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ನಿಲ್ಲಿಸಲಿಲ್ಲ.

ವರ್ಷಕ್ಕೊಮ್ಮೆ, ವಲಸೆ ಹಕ್ಕಿಗಳು ಹೊರಡುವ ಮುಂಚೆ, ಕರಾವಳಿಯಲ್ಲಿ ಹಕ್ಕಿ ಗಣತಿ ನಡೆಯುತ್ತದೆ. ಬೇರೆ ಬೇರೆ ಊರುಗಳ ಬಳಗದವರು ಅಲ್ಲಿ ಸೇರುತ್ತಾರೆ. ಹೊನ್ನೇಕಟ್ಟೆ ಬಳಗದಿಂದ ಮೇಷ್ಟ್ರು, ಜೊತೆಗೆ ಅವರು ಆರಿಸಿದ ಇನ್ನೊಬ್ಬರು. ಸಮುದ್ರದ ಅಂಚಿನಲ್ಲಿ ಸಾವಿರಾರು ಹಕ್ಕಿಗಳು ಬಣ್ಣ ತುಂಬಿಕೊಂಡು ನಿಂತಿರುವುದನ್ನು ನೋಡಲು ಅದೊಂದೇ ಅವಕಾಶ. ಈ ಸಲ ಸರ್ವಮಂಗಳ ಎಂದು ಮೊದಲೇ ಮಾತಾಗಿತ್ತು. ಅವಳು ಮಗಳ ಪರೀಕ್ಷೆ ಮುಗಿಯುವುದನ್ನು ಕಾದು, ಅತ್ತೆಯನ್ನು ಒಪ್ಪಿಸಿ, ಬ್ಯಾಂಕಿನಲ್ಲಿ ರಜೆ ಮಂಜೂರು ಮಾಡಿಸಿಕೊಂಡಿದ್ದಳು.

“ಬಕ್ಕೇಶ, ಮುಂದಿನ ವಾರ ಕರಾವಳಿಗೆ ನೀನೇ ಬಾ,” ಎಂದರು ಮೇಷ್ಟ್ರು. “ಪಳಗಬೇಕಾದವರು ಇಲ್ಲೇ ಇದ್ದು ಪಳಗಲಿ.”

ಸರ್ವಮಂಗಳ ದುರ್ಬೀನನ್ನು ಚೀಲಕ್ಕೆ ಹಾಕಿ ಗುಂಡಿ ಒತ್ತಿದಳು.

“ಆಗ್ಲಿ ಮೇಷ್ಟ್ರೇ,” ಎಂದಳು. ಏರಿ ಇಳಿದು ಸ್ಕೂಟರಿನ ಕಡೆ ನಡೆದಳು.

ಮಧ್ಯಾಹ್ನದ ಹೊತ್ತಿಗೆ ಬಕ್ಕೇಶ ಮೊಬೈಲಿನಲ್ಲಿ ತೆಗೆದ ಫೋಟೊ ಊರೂರು ಸುತ್ತಿತ್ತು. ಫೋಟೊದಲ್ಲಿ ಕಾಳಿನಷ್ಟು ಹಕ್ಕಿ, ಅದರ ಮೇಲೊಂದು ಕೆಂಪು ಚುಕ್ಕೆ. ಅಷ್ಟು ಸಾಕಾಯಿತು. ಮೇಷ್ಟ್ರ ಫೋನು ಸುಮ್ಮನಿರಲಿಲ್ಲ. ಚಿತ್ರದುರ್ಗದವರು, ಶಿವಮೊಗ್ಗದವರು, “ನಾಳೆ ಬೆಳಿಗ್ಗೆನೇ ಬರ್ತೀವಿ ಸಾರ್, ತೋರಿಸ್ಬೇಕು,” ಎಂದರು. ಮೇಷ್ಟ್ರು ಊಟಕ್ಕೆ ಕೂತಲ್ಲೇ ಎಲ್ಲರಿಗೂ ಬನ್ನಿ ಬನ್ನಿ ಎಂದರು.

ಸಂಜೆ ಅವರು ಒಬ್ಬರೇ ಮತ್ತೆ ಕೆರೆಗೆ ಹೋದರು. ಬರುವ ನೆಂಟರಿಗೆ ತೋರಿಸಲು ಹಕ್ಕಿ ಅಲ್ಲೇ ಇದೆಯೋ ಇಲ್ಲವೋ ನೋಡಿಕೊಂಡು ಬರೋಣ ಎಂದು ತಮಗೆ ತಾವೇ ಹೇಳಿಕೊಂಡರು. ದಾರಿಯುದ್ದಕ್ಕೂ ಅವರ ಕಣ್ಣ ಮುಂದೆ ಇದ್ದದ್ದು ಮಾತ್ರ ಹಕ್ಕಿಯ ಬೆನ್ನ ಮೇಲಿನ ಎರಡು ಬಿಳಿ ಗೆರೆ.

ಹಕ್ಕಿ ಇತ್ತು. ಮೇಷ್ಟ್ರು ತೂಬಿನ ಕಲ್ಲಿನ ಮೇಲೆ ಕೂತು ದುರ್ಬೀನು ಹಿಡಿದರು. ಬೆಳಿಗ್ಗೆ ಹಕ್ಕಿಯನ್ನಷ್ಟೇ ನೋಡಿದ್ದವರು ಈಗ ಸುತ್ತಲ ಜಾಗವನ್ನೂ ನೋಡಿದರು. ಮೊನ್ನೆ ಮೊನ್ನೆ ಏರಿಯ ಆ ಭಾಗಕ್ಕೆ ಹೊಸದಾಗಿ ಕೆಂಪು ಮಣ್ಣು ಹಾಕಿದ್ದರು. ರಾತ್ರಿಯ ಮಳೆಗೆ ಆ ಮಣ್ಣು ಕೊಚ್ಚಿ ಬಂದು ನೀರಿನಂಚೆಲ್ಲ ಕೆಂಪು ಕೆಸರಾಗಿತ್ತು. ಹಕ್ಕಿ ಆ ಕೆಸರಿಗೆ ಗದ್ದದವರೆಗೂ ಮುಖ ಹಾಕುತ್ತಿತ್ತು.

ಮೇಷ್ಟ್ರು ಹಕ್ಕಿಯಿಂದ ದುರ್ಬೀನು ಕದಲಿಸಲಿಲ್ಲ.

ಹೊಟ್ಟೆ ತುಂಬಿದ ಹಕ್ಕಿ ಕೆಸರು ಬಿಟ್ಟು ತೂಬಿನ ಹತ್ತಿರದ ತಿಳಿನೀರಿಗೆ ಬಂತು. ಎದೆ ಮುಳುಗಿಸಿತು, ತಲೆ ಮುಳುಗಿಸಿತು, ರೆಕ್ಕೆ ಬಡಿದು ಮೈಮೇಲೆ ನೀರು ಎರಚಿಕೊಂಡಿತು. ಕೂಸು ಬೋಗುಣಿಯಲ್ಲಿ ಕೂತು ನೀರಾಡುವ ಹಾಗೆ. ಆಮೇಲೆ ದಡಕ್ಕೆ ಬಂದು ಮೈ ಕೊಡವಿ, ಮೇಷ್ಟ್ರ ಕಡೆಗೇ ತಿರುಗಿ ನಿಂತಿತು.

ಕೊರಳು ಬೆಳ್ಳಗಿತ್ತು. ಒಗೆದು ಒಣಹಾಕಿದ ಪಂಚೆಯಷ್ಟು ಬೆಳ್ಳಗೆ.

ಮೇಷ್ಟ್ರ ಕಿವಿ ಬಿಸಿಯಾಯಿತು. ಅವರು ಹಿಂದೆ ಮುಂದೆ ನೋಡಿದರು. ಯಾರೂ ಇರಲಿಲ್ಲ. ಆ ಕ್ಷಣ ಅವರಿಗೆ ಬಂದ ಮೊದಲ ಯೋಚನೆ ಇದು: ಈ ಹಕ್ಕಿ ಇವತ್ತೇ ಹೊರಟುಹೋದರೆ? ಹೋಗುವ ಕಾಲವೂ ಹೌದು. ಹಕ್ಕಿ ಹೋಯಿತೆಂದರೆ ತಮ್ಮ ಮಾತು ಉಳಿಯಿತು.

“ಹೋಗಿಬಿಡು ತಾಯಿ,” ಎಂದರು ಮೆಲ್ಲಗೆ. ಹಕ್ಕಿ ಅವರ ಮಾತಿಗೆ ಕಿವಿಗೊಡದೆ ಗರಿ ತೀಡಿಕೊಳ್ಳುತ್ತಿತ್ತು.

ಮರುದಿನ ಬೆಳಿಗ್ಗೆ ಏರಿಯ ಮೇಲೆ ಜಾತ್ರೆಯಷ್ಟು ಜನ. ಎರಡು ಕಾರು, ಐದಾರು ಬೈಕು. ಸ್ಟ್ಯಾಂಡಿನ ಮೇಲೆ ಉದ್ದನೆಯ ಕ್ಯಾಮೆರಾಗಳು. ಸರ್ವಮಂಗಳಳೂ ಬಂದಿದ್ದಳು. ಬರಲಿಕ್ಕಿಲ್ಲ ಎಂದು ಮೇಷ್ಟ್ರು ಅಂದುಕೊಂಡಿದ್ದರು. ಹಕ್ಕಿ ಇರದಿದ್ದರೆ ಸಾಕು ಎಂದುಕೊಂಡಿದ್ದರು. ಅದೂ ಇತ್ತು. ತಿಳಿನೀರಿನ ಪಕ್ಕದಲ್ಲಿ, ಬೆಳಗಿನ ಬಿಸಿಲಿಗೆ ಎದೆಯೊಡ್ಡಿ ನಿಂತಿತ್ತು.

ಎಲ್ಲರೂ ದುರ್ಬೀನು ಎತ್ತಿದರು. ಎಲ್ಲರಿಗೂ ಬಿಳಿ ಕೊರಳು ಕಂಡಿತು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ರೂಢಿ ಅಂದರೆ ರೂಢಿ, ಮೊದಲು ಮೇಷ್ಟ್ರು ಹೇಳಬೇಕಲ್ಲ!

ಕೊನೆಗೆ ಚಿತ್ರದುರ್ಗದಿಂದ ಬಂದಿದ್ದ ದಪ್ಪ ಮೀಸೆಯವರೊಬ್ಬರು ತಡೆಯಲಾರದೆ ಕೇಳಿದರು. “ಸಾರ್, ಕೆಂಪು ಕೊರಳಿಂದು ಎಲ್ಲೈತ್ರಿ? ನಂಗೆ ಬರೀ ಮಾಮೂಲಿದು ಕಾಣ್ತಾ ಐತಿ.”

ಬಕ್ಕೇಶ ಪೆಚ್ಚಾಗಿ ಮೇಷ್ಟ್ರ ಮುಖ ನೋಡಿದ, ಹಕ್ಕಿಯನ್ನು ನೋಡಿದ. ಇದ್ದಕ್ಕಿದ್ದ ಹಾಗೆ ಅವನ ಮುಖ ಅರಳಿತು. ಹಣೆ ಬಡಿದುಕೊಂಡು ನಗಲು ಶುರು ಮಾಡಿದ.

“ಗೊತ್ತಾಯ್ತು ಬಿಡ್ರಿ! ಮೇಷ್ಟ್ರು ನಮಗೆ ಪರೀಕ್ಷೆ ಇಟ್ಟಿದ್ರು! ಬೇಕಂತಲೇ ತಪ್ಪು ಹೆಸರು ಹೇಳಿ, ಯಾರು ಹೌದಪ್ಪ ಅಂತಾರೆ, ಯಾರು ಇಲ್ಲ ಅಂತಾರೆ ಅಂತ ನೋಡ್ಯಾರ. ಪಾಸಾದೋರು ಮಂಗಳಕ್ಕ ಒಬ್ರೇ. ನಾವೆಲ್ಲ ಢುಂಕಿ!”

ಏರಿಯ ಮೇಲೆ ಬಿಗಿದಿದ್ದ ಉಸಿರೆಲ್ಲ ಒಮ್ಮೆಗೇ ಸಡಿಲವಾಯಿತು. “ಅಲೆಲೆ ಮೇಷ್ಟ್ರೇ!” ಎಂದರು ಬಳಗದವರು. “ಇಂಥ ಗುರುಗಳು ಸಿಗಬೇಕು ನೋಡ್ರಿ,” ಎಂದರು ಶಿವಮೊಗ್ಗದವರು. ಸರ್ವಮಂಗಳಳ ಕಣ್ಣು ಹೊಳೆಯಿತು.

“ಹೌದೇನ್ರಿ ಮೇಷ್ಟ್ರೇ? ಪರೀಕ್ಷೆನಾ?” ಎಂದು ಕೇಳಿದಳು.

ಮೇಷ್ಟ್ರು ಒಂದು ಮಾತೂ ಆಡಬೇಕಾಗಿರಲಿಲ್ಲ. ಮುಗುಳ್ನಕ್ಕರೆ ಸಾಕಿತ್ತು. ಸರ್ವಮಂಗಳಳಿಗೆ ಅವಳ ಜಾಗ ವಾಪಸು ಸಿಗುತ್ತಿತ್ತು, ಮೇಲೊಂದು ಹೊಗಳಿಕೆ. ಬಕ್ಕೇಶನಿಗೆ ಬೇಸರವಿಲ್ಲ, ಬಂದವರಿಗೆ ಸಿಟ್ಟಿಲ್ಲ. ತಮ್ಮ ಹೆಸರು ಮೊದಲಿಗಿಂತ ಎರಡು ಪಟ್ಟು ದೊಡ್ಡದಾಗುತ್ತಿತ್ತು. ಯಾರಿಗೂ ನಷ್ಟವಿಲ್ಲದ ಸುಳ್ಳು. ಅದನ್ನು ಹೇಳುವ ಕೆಲಸವನ್ನೂ ಬಕ್ಕೇಶನೇ ಮುಗಿಸಿಬಿಟ್ಟಿದ್ದ.

ಮೇಷ್ಟ್ರ ತುಟಿ ಮುಗುಳ್ನಗೆಗೆ ಅರ್ಧ ಅರಳಿಯೂ ಇತ್ತು. ಆಗ ಅವರ ಕಣ್ಣು ಸರ್ವಮಂಗಳಳ ಮೇಲೆ ಬಿತ್ತು. ಅವಳು ತನ್ನ ಕಣ್ಣಿನಿಂದ ತಾನೇ ಕಂಡದ್ದನ್ನು, ಮೇಷ್ಟ್ರು ಇಟ್ಟ ಪರೀಕ್ಷೆಯಲ್ಲಿ ಸಿಕ್ಕ ಅಂಕವೆಂದು ತೆಗೆದುಕೊಳ್ಳಲು ಸಿದ್ಧಳಾಗಿ ನಿಂತಿದ್ದಳು. ಇವತ್ತು ನಕ್ಕರೆ ನಾಳೆಯೂ ನಗಬೇಕು. ಮುಂದೆ ತಾವು ಎಡವಿದಾಗಲೆಲ್ಲ ಇವರು ಅದರಲ್ಲೊಂದು ಪರೀಕ್ಷೆ ಹುಡುಕುತ್ತಾರೆ. ಎಡವದ ಮನುಷ್ಯನ ವೇಷ ಹಾಕಿಕೊಂಡು ಇನ್ನೆಷ್ಟು ದಿನ ಕೆರೆ ಸುತ್ತುವುದು? ಮೇಷ್ಟ್ರಿಗೆ ನೆನೆದೇ ದಣಿವಾಯಿತು.

“ಇಲ್ಲಮ್ಮ,” ಎಂದರು. “ಪರೀಕ್ಷೆಯೂ ಇಲ್ಲ, ಗಿರೀಕ್ಷೆಯೂ ಇಲ್ಲ. ನಾನು ತಪ್ಪು ನೋಡಿದೆ.”

ಬಕ್ಕೇಶ ನಗುವುದನ್ನು ನಿಲ್ಲಿಸಿದ.

“ಕೊರಳಿಗೆ ಮೆತ್ತಿದ್ದದ್ದು ಏರಿಯ ಮಣ್ಣು. ನೀನು ಸರಿಯಾಗೇ ನೋಡಿದ್ದೆ. ನಿನ್ನೆ ಸಂಜೆ ಇಲ್ಲಿಗೆ ಬಂದಿದ್ದೆ, ಹಕ್ಕಿ ನನ್ನ ಕಣ್ಣೆದುರಿಗೇ ಸ್ನಾನ ಮಾಡಿ ಬೆಳ್ಳಗಾಯ್ತು. ಆಗಲೇ ಎಲ್ಲರಿಗೂ ಫೋನ್ ಮಾಡಿ ಹೇಳಬೇಕಿತ್ತು. ಹೇಳಲಿಲ್ಲ. ಬೆಳಗಾಗೋದರೊಳಗೆ ಇದು ಹಾರಿಹೋಗಲಿ ಅಂತ ಬೇಡಿಕೊಂಡೆ.”

ಹೇಳಿ ಮುಗಿಸಿ ಮೇಷ್ಟ್ರು ತಲೆ ತಗ್ಗಿಸಿ ನಿಂತರು. ಈಗ ಏನಾದರೂ ಆಗುತ್ತದೆ ಎಂದುಕೊಂಡರು. ದಪ್ಪ ಮೀಸೆಯವರು ಗಂಟಲು ಸರಿಮಾಡಿಕೊಂಡರು.

“ಅಂದ್ರೆ ಸಾರ್, ನಾವು ನಸುಕಿನಾಗೆ ಎದ್ದು, ಪೆಟ್ರೋಲ್ ಸುಟ್ಕೊಂಡು ಬಂದಿದ್ದು ಒಂದು ಹಕ್ಕಿ ಮುಖ ತೊಳ್ಕೊಂಡಿದ್ದು ನೋಡಾಕಾ?”

ಏರಿ ಪೂರ್ತಿ ನಕ್ಕಿತು. ಮೊದಲು ನಕ್ಕವರು ಆ ಮೀಸೆಯವರೇ. ನಗು ಎಷ್ಟು ಜೋರಾಯಿತೆಂದರೆ ನೀರಿನಂಚಿನ ಹಕ್ಕಿಗಳೆಲ್ಲ ಒಮ್ಮೆ ಎದ್ದು, ಒಂದು ಸುತ್ತು ಹೊಡೆದು ಮತ್ತೆ ಕೂತವು. ಮೇಷ್ಟ್ರೂ ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಬಹಳ ದಿನ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡಂತೆ ಹೆಗಲು ಹಗುರಾಯಿತು.

ನಗು ಇಳಿದ ಮೇಲೆ ಬಕ್ಕೇಶ ತಲೆ ಕೆರೆದುಕೊಂಡ. “ನಿಜ ಹೇಳ್ಲಾ ಮೇಷ್ಟ್ರೇ? ನೀವು ಹೇಳೋಕೆ ಮುಂಚೆ ನಂಗೂ ಅದು ಮಾಮೂಲಿ ಸ್ಟಿಂಟ್ ಥರಾನೇ ಕಂಡಿತ್ತು. ನೀವು ಹೇಳಿದ್ಮೇಲೆ ಕೊರಳು ಕೆಂಪಗಾತು ನೋಡ್ರಿ!”

“ನಂಗೂ ಹಂಗೇ ಆತು,” ಎಂದರು ಇನ್ನೊಬ್ಬರು. “ನಂಗೂ,” ಎಂದರು ಮತ್ತೊಬ್ಬರು.

ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ನೋಡಿದರು. “ಇಷ್ಟು ವರ್ಷದಲ್ಲಿ ಹಿಂಗೆ ಇನ್ನೆಷ್ಟು ಸಲ ಆಗಿದೆ?” ಎಂದು ಕೇಳಿದರು.

ಒಬ್ಬರು ಕೆಮ್ಮಿದರು. ಒಬ್ಬರು ದುರ್ಬೀನಿನ ಗಾಜು ಒರೆಸತೊಡಗಿದರು.

ಮೇಷ್ಟ್ರು ಸರ್ವಮಂಗಳಳ ಹತ್ತಿರ ಹೋದರು. “ಕರಾವಳಿಗೆ ನೀನೇ ಬರಬೇಕಮ್ಮ. ನಿನ್ನ ಜಾಗ ಕಿತ್ತುಕೊಂಡು ಇನ್ನೊಬ್ಬರಿಗೆ ಕೊಟ್ಟೆ. ಆ ಹಕ್ಕು ನನಗಿರಲಿಲ್ಲ.”

“ನಂದೇನೂ ತಕರಾರಿಲ್ರಪ್ಪ,” ಎಂದ ಬಕ್ಕೇಶ. “ಸಮುದ್ರದ ಉಪ್ಪುಗಾಳಿ ನಂಗೆ ಮೊದ್ಲೇ ಆಗಿಬರಲ್ಲ.”

ಸರ್ವಮಂಗಳಳಿಗೆ ನಿನ್ನೆಯ ನೋವು ಪೂರಾ ಹೋಗಿರಲಿಲ್ಲ. ಆದರೂ ತುಟಿಯ ಅಂಚಿನಲ್ಲಿ ನಗು ಇಣುಕಿತು.

“ಬರ್ತೀನಿ. ಆದ್ರೆ ಮೇಷ್ಟ್ರೇ, ತಪ್ಪು ಒಪ್ಕೊಂಡೋರು ದಂಡ ಕೊಡ್ಬೇಕಲ್ರಿ?”

“ಮಿರ್ಚಿ ಮಂಡಕ್ಕಿ!” ಎಂದು ಬಕ್ಕೇಶ ಕೂಗಿದ. “ಎಲ್ಲರಿಗೂ! ದುರ್ಗದೋರಿಗೆ ಎರಡೆರಡು ಮಿರ್ಚಿ ಜಾಸ್ತಿ!”

“ಅದು ಅಗ್ಗಕ್ಕೆ ಮುಗಿಸಿದಂಗಾತು,” ಎಂದಳು ಸರ್ವಮಂಗಳ. “ಯೋಚ್ನೆ ಮಾಡಿ ಹೇಳ್ತೀನಿ. ನೀವು ಇಲ್ಲ ಅನ್ನಂಗಿಲ್ಲ.”

“ಇಲ್ಲ ಅನ್ನಲ್ಲ,” ಎಂದರು ಮೇಷ್ಟ್ರು.

ಮುಂದಿನ ವಾರ ಅವರಿಬ್ಬರೂ ಕರಾವಳಿಯ ಒಂದು ಅಳಿವೆಯಲ್ಲಿ, ನದಿ ಸಮುದ್ರ ಸೇರುವ ಜಾಗದಲ್ಲಿ, ಬೇರೆ ಊರಿನವರ ಜೊತೆ ಮರಳಿನ ಮೇಲೆ ನಿಂತಿದ್ದರು. ನೀರು ಇಳಿದಿತ್ತು. ಎದುರಿನ ಮರಳದಿಣ್ಣೆಯ ಮೇಲೆ ನೂರಾರು ಹಕ್ಕಿಗಳು. ಬೂದು ಬಣ್ಣದವು ಕೆಂಪಾಗುತ್ತಿದ್ದವು, ಕಂದು ಬಣ್ಣದವು ಕಪ್ಪಾಗುತ್ತಿದ್ದವು. ಅರ್ಧ ಹಳೆಯ ಅಂಗಿ, ಅರ್ಧ ಹೊಸ ಅಂಗಿ ತೊಟ್ಟವರ ಹಾಗೆ ಒಂದೊಂದೂ ಒಂದೊಂದು ಥರ. ಸರ್ವಮಂಗಳ ಎಷ್ಟೋ ಹೊತ್ತು ಒಂದೊಂದನ್ನೇ ನೋಡಿದಳು.

ಗುಂಪಿನಿಂದ ದೂರ ಒಂಟಿಯಾಗಿ ಒಂದು ಹಕ್ಕಿ ನಿಂತಿತ್ತು. ಎದೆಗೆ ತೆಳು ಕೆಂಪು ಪಟ್ಟಿ. ಕೊಕ್ಕು ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ಮೇಷ್ಟ್ರು ಅಭ್ಯಾಸದಂತೆ ಉಸಿರು ಎಳೆದುಕೊಂಡು ಬಾಯಿ ತೆರೆದರು.

“ತಡೀರಿ ಮೇಷ್ಟ್ರೇ,” ಎಂದಳು ಸರ್ವಮಂಗಳ. “ದಂಡ ಕೇಳ್ತೀನಿ ಅಂದಿದ್ನಲ್ಲ, ಈಗ ಕೇಳ್ತೀನಿ. ಇನ್ಮುಂದೆ ಮೊದಲು ನೀವು ಹೇಳ್ಬಾರ್ದು. ಇಲ್ಲಿ ನಾನು ಹೇಳಿದ್ಮೇಲೆ ನೀವು. ಊರಿಗೆ ಹೋದ್ಮೇಲೆ ಎಲ್ರೂ ಹೇಳಿದ್ಮೇಲೆ ನೀವು. ಒಂದು ದಿನಕ್ಕಲ್ಲ, ಯಾವಾಗ್ಲೂ.”

ಮೇಷ್ಟ್ರು ತೆರೆದ ಬಾಯಿ ಮುಚ್ಚಿದರು. ಅದು ಎಷ್ಟು ಕಷ್ಟದ ಕೆಲಸವೆಂದು ಅವರಿಗೆ ಆಗಲೇ ತಿಳಿದದ್ದು. ಹೆಸರು ನಾಲಿಗೆಯ ತುದಿಯಲ್ಲಿ ಕೂತು ಒದ್ದಾಡುತ್ತಿತ್ತು. ಅವರು ಅದನ್ನು ನುಂಗಿಕೊಂಡು, ಬೇರೆ ಕೆಲಸವಿಲ್ಲದ್ದರಿಂದ, ಹಕ್ಕಿಯನ್ನು ಮತ್ತೆ ನೋಡತೊಡಗಿದರು. ನೋಡಿದಷ್ಟೂ ನಾಲಿಗೆಯ ಮೇಲಿದ್ದ ಹೆಸರು ಸಡಿಲವಾಗುತ್ತ ಹೋಯಿತು. ಕಾಲು ಆ ಹೆಸರಿಗೆ ಹೊಂದಲಿಲ್ಲ. ಕೊಕ್ಕು ಹೊಂದಿಯೂ ಹೊಂದದಂತಿತ್ತು.

ಸರ್ವಮಂಗಳ ಬಹಳ ಹೊತ್ತಿನ ಮೇಲೆ ದುರ್ಬೀನು ಇಳಿಸಿದಳು.

“ಇಲ್ಲ ಮೇಷ್ಟ್ರೇ, ಗೊತ್ತಾಗವಲ್ದು. ಎರಡರಾಗೆ ಒಂದು. ಯಾವ್ದು ಅಂತ ಹೇಳಾಕಾಗಲ್ಲ. ನಿಮಗೆ?”

ಮೇಷ್ಟ್ರು ಹಕ್ಕಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ, ಬಳಗ ಕಟ್ಟಿದಂದಿನಿಂದ ಅವರ ಬಾಯಿಂದ ಯಾರೂ ಕೇಳದ ಮಾತೊಂದನ್ನು ಹೇಳಿದರು.

“ನನಗೂ ಗೊತ್ತಾಗಲಿಲ್ಲಮ್ಮ.”

ಹೇಳಿ ಸಮುದ್ರದ ಗಾಳಿಯನ್ನು ಎದೆ ತುಂಬ ಎಳೆದುಕೊಂಡರು. ಮೇಷ್ಟ್ರು ಕೊಟ್ಟ ದಂಡ ಇಷ್ಟು: ಮೊದಲು ಮಾತಾಡುವ ಹಕ್ಕು. ಕೊಟ್ಟದ್ದನ್ನು ಅವರು ಮತ್ತೆಂದೂ ವಾಪಸು ಕೇಳಲಿಲ್ಲ.

ನೀತಿ: ತಪ್ಪಿದಾಗ ತಪ್ಪಿದೆ ಎಂದು ಹೇಳಿಬಿಡಿ. ತಪ್ಪನ್ನು ಜಾಣತನವೆಂದು ತೋರಿಸಲು ಯಾರಾದರೂ ದಾರಿ ಮಾಡಿಕೊಟ್ಟರೂ ಆ ದಾರಿ ಹಿಡಿಯಬೇಡಿ. ಮತ್ತೆ, ನಿಮ್ಮ ಮಾತಿಗೆ ಬೆಲೆ ಇರುವ ಕಡೆ ಕೊನೆಗೆ ಮಾತಾಡಿ. ಮೊದಲೇ ಹೇಳಿಬಿಟ್ಟರೆ ಉಳಿದವರಿಗೆ ಅವರ ಕಣ್ಣು ಕಂಡದ್ದು ಕಾಣುವುದಿಲ್ಲ, ನಿಮ್ಮ ಬಾಯಿ ಹೇಳಿದ್ದೇ ಕಾಣುತ್ತದೆ.